ತಂಪಿನಲ್ಲಿ ಬಾಲ ಬಿಚ್ಚಿದ ಜೀವಿ

ಸಿಂಧೂ ನದಿಯ ದಂಡೆಯ ದೇರಾ ಇಸ್ಮಾಯಿಲ್ ಖಾನ್ ಇಂದು ಪಾಕಿಸ್ತಾನದಲ್ಲಿದೆ. 1880ರಲ್ಲಿ ಅದು ಬ್ರಿಟಿಷ್ ಪಂಜಾಬಿನ ಗಡಿ ಪಟ್ಟಣ. ಅಲ್ಲಿ ಸೇನೆಯ ಕುದುರೆಗಳೂ ಒಂಟೆಗಳೂ ಒಂದು ಹಾಳು ಜ್ವರಕ್ಕೆ ಬಲಿಯಾಗುತ್ತಿದ್ದವು. ಬಿಟ್ಟು ಬಿಟ್ಟು ಬರುವ ಜ್ವರ, ರಕ್ತಹೀನತೆ, ಬಾತ ಕಾಲು, ಕೊನೆಗೆ ಸಾವು. ಸ್ಥಳೀಯರು ಅದನ್ನು ಸರ್ರಾ ಎಂದು ಕರೆಯುತ್ತಿದ್ದರು. ತನಿಖೆಗೆ ಬಂದ ಸೇನಾ ಪಶುವೈದ್ಯ ಗ್ರಿಫಿತ್ ಎವಾನ್ಸ್, ರೋಗಿ ಕುದುರೆಯ ರಕ್ತದ ಹನಿಯೊಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಕೆಂಪು ರಕ್ತಕಣಗಳ ನಡುವೆ ತೆಳ್ಳನೆಯ ಜೀವಿಗಳು ಹೊರಳಾಡುತ್ತಿದ್ದವು. ಒಂದೊಂದಕ್ಕೂ ಚಾಟಿಯಂಥ ಬಾಲ.

ಆ ರಕ್ತವನ್ನು ಆರೋಗ್ಯವಂತ ಪ್ರಾಣಿಗಳಿಗೆ ಚುಚ್ಚಿದಾಗ ಅವಕ್ಕೂ ರೋಗ ತಗುಲಿತು. ಇದೇ ರೋಗಾಣು ಎಂದು ಎವಾನ್ಸ್ ವರದಿ ಬರೆದರು. ಮೇಲಧಿಕಾರಿಗಳು ಒಪ್ಪಲಿಲ್ಲ. ಅವರಿಗೂ ಒಂದು ಕಾರಣವಿತ್ತು. ಎರಡು ವರ್ಷ ಹಿಂದಷ್ಟೇ ಕಲ್ಕತ್ತದಲ್ಲಿ ಟಿಮೊಥಿ ಲೂಯಿಸ್ ಎಂಬ ವೈದ್ಯ ಇಂಥದೇ ಬಾಲದ ಜೀವಿಗಳನ್ನು ಇಲಿಗಳ ರಕ್ತದಲ್ಲಿ ಕಂಡು ಪ್ರಕಟಿಸಿದ್ದರು. ಆ ಇಲಿಗಳು ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದವು. ರಕ್ತದಲ್ಲಿ ಬಾಲದ ಜೀವಿ ಇದ್ದ ಮಾತ್ರಕ್ಕೆ ರೋಗ ಬರಬೇಕೆಂದೇನೂ ಇಲ್ಲ ಎಂಬುದು ಅಂದಿನ ತರ್ಕ. ಎವಾನ್ಸ್ ಹೇಳಿದ್ದು ಸರಿ ಎಂದು ಜಗತ್ತು ಒಪ್ಪಲು ವರ್ಷಗಳೇ ಬೇಕಾದವು. ಅವರು ನೂರು ವರ್ಷ ಬದುಕಿದ್ದರಿಂದ ಅದನ್ನು ಕಣ್ಣಾರೆ ಕಂಡರು. ಆ ಜೀವಿಗೆ ಇಂದು ಟ್ರಿಪನೊಸೋಮಾ ಇವಾನ್ಸೈ ಎಂದು ಅವರದೇ ಹೆಸರು. ಕರ್ನಾಟಕದ ಪಶುವೈದ್ಯರಿಗೂ ಸರ್ರಾ ಪರಿಚಿತ ರೋಗವೇ.

ಜೀವವಿಜ್ಞಾನದ ಪಠ್ಯಪುಸ್ತಕಗಳಲ್ಲಿ ಈ ಬಾಲಕ್ಕೆ ಕಶಾಂಗ ಎಂಬ ಹೆಸರಿದೆ. ಕಣ್ಣಿಗೆ ಕಂಡ ಬಾಲವನ್ನೇ ನಂಬದಿದ್ದ ವೈದ್ಯಲೋಕಕ್ಕೆ ಇಪ್ಪತ್ತೇ ವರ್ಷಗಳಲ್ಲಿ ಇದರ ತದ್ವಿರುದ್ಧವಾದ ಒಗಟು ಎದುರಾಯಿತು. ಬಾಲವೇ ಇಲ್ಲದ ಒಂದು ರೋಗಾಣು ಬಾಲದ ಜೀವಿಗಳ ಕುಲಕ್ಕೆ ಸೇರಿದ್ದು ಎಂದು ಸಾಬೀತುಪಡಿಸಬೇಕಾಯಿತು. ಆ ರೋಗದ ಹೆಸರು ಕಾಲಾ ಅಜಾರ್.

ಹತ್ತೊಂಬತ್ತನೆಯ ಶತಮಾನದ ಬಂಗಾಳ ಮತ್ತು ಅಸ್ಸಾಮಿನ ಚರಿತ್ರೆಯಲ್ಲಿ ಕಾಲಾ ಅಜಾರ್ ಮತ್ತೆ ಮತ್ತೆ ಬರುತ್ತದೆ. 1820ರ ದಶಕದಲ್ಲಿ ಜೆಸ್ಸೋರ್ ಸೀಮೆ, 1860-70ರ ದಶಕಗಳಲ್ಲಿ ಬರ್ದ್ವಾನ್, ಆಮೇಲೆ ಗಾರೋ ಬೆಟ್ಟಗಳು. ಅಲ್ಲಿಂದ ಬ್ರಹ್ಮಪುತ್ರಾ ಕಣಿವೆಯನ್ನು ಹಿಡಿದು ಪೂರ್ವಕ್ಕೆ ನಿಧಾನವಾಗಿ, ಊರಿನಿಂದೂರಿಗೆ ಅದು ಸಾಗಿತು. ತಿಂಗಳುಗಟ್ಟಲೆ ಜ್ವರ ಬಿಡುವುದಿಲ್ಲ. ಗುಲ್ಮ ಊದಿ ಹೊಟ್ಟೆ ತುಂಬುತ್ತದೆ. ಕೈಕಾಲು ಕಡ್ಡಿಯಾಗುತ್ತವೆ, ಮೈ ಕಪ್ಪಿಡುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ಬದುಕುಳಿಯುವವರು ತೀರ ಕಡಿಮೆ. ಅಸ್ಸಾಮಿನ ನೌಗಾಂಗ್ ಜಿಲ್ಲೆ 1891ರಿಂದ 1901ರ ಒಳಗೆ ತನ್ನ ಜನಸಂಖ್ಯೆಯ ಸುಮಾರು ಕಾಲುಭಾಗವನ್ನು ಕಳೆದುಕೊಂಡಿತು. ಅದಕ್ಕೆ ಮುಖ್ಯ ಕಾರಣ ಈ ಜ್ವರವೇ.

ಕಾರಣ ಹುಡುಕಲು ಹೋದವರೆಲ್ಲ ದಾರಿ ತಪ್ಪಿದರು. 1889-90ರಲ್ಲಿ ತನಿಖೆ ಮಾಡಿದ ಜಾರ್ಜ್ ಗೈಲ್ಸ್ ಇದು ಕೊಕ್ಕೆಹುಳುವಿನ ಕಾಟ ಎಂದರು. 1896ರಲ್ಲಿ ಅಸ್ಸಾಮಿಗೆ ಬಂದ ಲಿಯೊನಾರ್ಡ್ ರೋಜರ್ಸ್ ಇದು ಮಲೇರಿಯಾದ್ದೇ ಒಂದು ಉಗ್ರರೂಪ ಎಂದು ಬರೆದರು. ಮಲೇರಿಯಾಕ್ಕೂ ಸೊಳ್ಳೆಗೂ ಇರುವ ನಂಟನ್ನು ಕಂಡುಹಿಡಿದಿದ್ದ ರೊನಾಲ್ಡ್ ರಾಸ್ ಕೂಡ ಅಸ್ಸಾಮಿಗೆ ಹೋಗಿ ಬಂದು ಅದೇ ಅಭಿಪ್ರಾಯದ ಕಡೆ ವಾಲಿದರು.

ಸಿದ್ಧಾಂತಗಳ ಗೋಜಿಗೆ ಹೋಗದೆ ಕೆಲಸಕ್ಕೆ ಬರುವ ಉಪಾಯ ಕಂಡುಕೊಂಡವರು ನೌಗಾಂಗಿನ ಚಹಾ ತೋಟಗಳ ವೈದ್ಯ ಡಾಡ್ಸ್ ಪ್ರೈಸ್. ರೋಗ ಹೊಕ್ಕ ಲೈನ್‌ಮನೆಗಳಿಂದ ಆರೋಗ್ಯವಂತ ಕೂಲಿಯಾಳುಗಳನ್ನು ಎಬ್ಬಿಸಿ, ಕೆಲವೇ ನೂರು ಗಜ ಆಚೆ ಹೊಸ ಲೈನುಗಳಲ್ಲಿ ಇರಿಸಿದರು. ಕೆಲಸ ಅದೇ ತೋಟದಲ್ಲಿ. ಕುಡಿಯುವ ನೀರು, ಗಾಳಿ, ಮಳೆ ಎಲ್ಲ ಒಂದೇ. ಆದರೂ ಹೊಸ ಲೈನುಗಳಿಗೆ ರೋಗ ದಾಟಲಿಲ್ಲ. ಮಲೇರಿಯಾದ ಸೊಳ್ಳೆಗೆ ಅಷ್ಟು ದೂರ ಒಂದು ದೂರವೇ ಅಲ್ಲ. ಹಾಗಾದರೆ ಈ ಜ್ವರವನ್ನು ಹೊತ್ತು ತಿರುಗುವುದು ಯಾವುದೇ ಇರಲಿ, ಅದು ಮನೆಗೆ ಅಂಟಿಕೊಂಡ, ದೂರ ಹೋಗಲಾರದ ಜೀವಿಯಾಗಿರಬೇಕಿತ್ತು. ಆ ಸುಳಿವು ಕೈಯಲ್ಲಿದ್ದೂ ಅದರ ಅರ್ಥ ಬಿಡಿಸಲು ಇನ್ನೂ ಹಲವು ದಶಕ ಹಿಡಿಯಿತು.

1900ರಲ್ಲಿ ಇಂಗ್ಲೆಂಡಿನ ನೆಟ್ಲೆ ಸೇನಾ ಆಸ್ಪತ್ರೆಯಲ್ಲಿ ಒಬ್ಬ ಸೈನಿಕ ಸತ್ತ. ಕಲ್ಕತ್ತದ ಪಕ್ಕದ ದಂಡಿನ ಊರು ಡಮ್‌ಡಮ್‌ನಲ್ಲಿದ್ದಾಗ ಅವನಿಗೆ ಜ್ವರ ಹತ್ತಿತ್ತು. ಶವಪರೀಕ್ಷೆ ಮಾಡಿದ ವಿಲಿಯಂ ಲೀಷ್ಮನ್ ಅವನ ಊದಿದ ಗುಲ್ಮದ ಲೇಪನದಲ್ಲಿ ಲೆಕ್ಕವಿಲ್ಲದಷ್ಟು ಪುಟ್ಟ, ದುಂಡನೆಯ ಕಾಯಗಳನ್ನು ನೋಡಿದರು. ಒಂದೊಂದರ ಉದ್ದ ಮಿಲಿಮೀಟರಿನ ಸಾವಿರದ ಎರಡು-ಮೂರು ಭಾಗ. ಒಳಗೆ ಬಣ್ಣ ಹೀರಿದ ಎರಡು ಗುರುತು: ಒಂದು ದೊಡ್ಡ ಚುಕ್ಕೆ, ಪಕ್ಕದಲ್ಲೊಂದು ಸಣ್ಣ ಗೀಟು. ಇದೇನೆಂದು ಅವರಿಗೆ ಹೊಳೆಯಲಿಲ್ಲ. ಟಿಪ್ಪಣಿ ಪ್ರಕಟಿಸದೆ ಎತ್ತಿಟ್ಟರು.

ಮುಂದೆ ಅವರು ಟ್ರಿಪನೊಸೋಮಾ ತಗುಲಿ ಸತ್ತ ಬಿಳಿ ಇಲಿಯೊಂದನ್ನು ಪರೀಕ್ಷಿಸುವ ಸಂದರ್ಭ ಬಂತು. ಸತ್ತು ಎರಡು ದಿನವಾಗಿದ್ದ ಆ ಇಲಿಯ ಮೈಯಲ್ಲಿ ಬಾಲದ ಜೀವಿಗಳು ಮುದುಡಿ ದುಂಡಗಾಗಿದ್ದವು. ಅವುಗಳಲ್ಲೂ ಅದೇ ಚುಕ್ಕೆ, ಅದೇ ಗೀಟು! ಚುಕ್ಕೆ ಕೋಶಕೇಂದ್ರವಾದರೆ, ಗೀಟು ಕಶಾಂಗದ ಬುಡದಲ್ಲೇ ಇರುವ ಕೈನೆಟೊಪ್ಲಾಸ್ಟ್ ಎಂಬ ಭಾಗ. ಅಂದರೆ ಬಾಲ ಕಾಣದಿದ್ದರೂ ಬಾಲದ ಬೇರು ಅಲ್ಲಿತ್ತು. ಡಮ್‌ಡಮ್ ಸೈನಿಕನ ಗುಲ್ಮದಲ್ಲಿದ್ದದ್ದು ಸತ್ತು ಕೆಟ್ಟ ಟ್ರಿಪನೊಸೋಮಾಗಳೇ ಇರಬೇಕು ಎಂದು ಲೀಷ್ಮನ್ 1903ರ ಮೇ ಕೊನೆಯಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು.

ಕುಲ ಗುರುತಿಸಿದ್ದು ಸರಿ. ‘ಸತ್ತು ಕೆಟ್ಟ’ ಎಂದದ್ದು ತಪ್ಪು.

ಆ ತಪ್ಪನ್ನು ತೋರಿಸಿಕೊಟ್ಟದ್ದು ಮದ್ರಾಸು. ಅಲ್ಲಿನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿದ್ದ ಚಾರ್ಲ್ಸ್ ಡೊನೊವನ್ ಐರಿಷ್ ಮೂಲದವರು, ಹುಟ್ಟಿದ್ದು ಕಲ್ಕತ್ತದಲ್ಲಿ. ಮದ್ರಾಸು ಮೆಡಿಕಲ್ ಕಾಲೇಜಿನಲ್ಲಿ ಶರೀರಕ್ರಿಯಾ ವಿಜ್ಞಾನ ಕಲಿಸುತ್ತಿದ್ದರು. ಬಿಡುವಿದ್ದಾಗ ಚಿಟ್ಟೆಗಳ ಬೆನ್ನು ಹತ್ತುವುದು ಅವರ ಹವ್ಯಾಸ. ಊದಿದ ಗುಲ್ಮದ ಜ್ವರಪೀಡಿತರನ್ನು ಬಹಳ ನೋಡಿದ್ದ ಅವರಿಗೆ ಇದು ಮಲೇರಿಯಾ ಎಂಬ ವಿವರಣೆ ಒಪ್ಪಿಗೆಯಾಗಿರಲಿಲ್ಲ. ಶವಗಳ ಗುಲ್ಮದಲ್ಲಿ ಅವರೂ ಅದೇ ಕಾಯಗಳನ್ನು ಕಂಡಿದ್ದರು. 1903ರ ಜೂನ್ 17ರಂದು ಬದುಕಿದ್ದ ರೋಗಿಯ ಗುಲ್ಮಕ್ಕೇ ಸೂಜಿ ಚುಚ್ಚಿ ತೆಗೆದ ರಕ್ತದಲ್ಲೂ ಅವು ಸಿಕ್ಕವು. ಬದುಕಿರುವ ಮನುಷ್ಯನ ಮೈಯಲ್ಲೇ ದುಂಡಗೆ ಕೂತಿರುವಾಗ ಅವು ಸತ್ತ ಜೀವಿಯ ಅವಶೇಷ ಹೇಗಾದಾವು? ಈ ಜೀವಿಯ ಸಹಜರೂಪವೇ ಅದು. ಜುಲೈ ತಿಂಗಳಲ್ಲಿ ಡೊನೊವನ್ ಅವರ ಪತ್ರವೂ ಅದೇ ಪತ್ರಿಕೆಯಲ್ಲಿ ಅಚ್ಚಾಯಿತು.

ಪ್ಯಾರಿಸಿನ ಸಂಶೋಧಕರಾದ ಲಾವೆರಾನ್ ಮತ್ತು ಮೆನಿಲ್, ಡೊನೊವನ್ ಕಳಿಸಿದ್ದ ಗಾಜಿನ ಸ್ಲೈಡುಗಳನ್ನು ನೋಡಿ, ಇದು ದನಗಳ ರಕ್ತಕಣಗಳನ್ನು ಹೊಗುವ ಪೈರೊಪ್ಲಾಸ್ಮಾದ ಬಳಗ ಎಂದು ತೀರ್ಪು ಕೊಟ್ಟರು. ರಾಸ್ ಒಪ್ಪಲಿಲ್ಲ. ಇದು ಅದೂ ಅಲ್ಲ, ಇದೂ ಅಲ್ಲ, ಬೇರೆಯದೇ ಜೀವಿ ಎಂದು ಸಾರಿ, ಇಬ್ಬರು ಶೋಧಕರ ಹೆಸರನ್ನೂ ಸೇರಿಸಿ ಆ ನವೆಂಬರಿನಲ್ಲೇ ಲೀಷ್ಮೇನಿಯಾ ಡೊನೊವನಿ ಎಂದು ನಾಮಕರಣ ಮಾಡಿದರು. ಹೆಸರು ಬಂತು. ಕುಲಗೋತ್ರ ಇನ್ನೂ ಇತ್ಯರ್ಥವಾಗಿರಲಿಲ್ಲ.

ಇತ್ಯರ್ಥ ಮಾಡಿದವರು ಮಲೇರಿಯಾ ಎಂದು ಎಡವಿದ್ದ ಅದೇ ರೋಜರ್ಸ್. ನಡುವಿನ ವರ್ಷಗಳಲ್ಲಿ ಅವರು ಕುಮಾವೂಂ ಬೆಟ್ಟಗಳ ಮುಕ್ತೇಶ್ವರದ ಸರ್ಕಾರಿ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ್ದರು. ಅಲ್ಲಿ ಎವಾನ್ಸ್ ಕಂಡ ಸರ್ರಾ ರೋಗಾಣುವನ್ನು ಪ್ರಾಣಿಯಿಂದ ಪ್ರಾಣಿಗೆ ಮುಟ್ಟಿಸುವುದು ರಕ್ತ ಹೀರುವ ದೊಡ್ಡ ನೊಣಗಳು ಎಂದು 1901ರಲ್ಲಿ ತೋರಿಸಿಕೊಟ್ಟಿದ್ದರು. ಹೀಗೆ ಬಾಲದ ಪರಾವಲಂಬಿಗಳ ಪಳಗಿದ ಕಣ್ಣು ಅವರದಾಗಿತ್ತು. 1904ರಲ್ಲಿ ಕಲ್ಕತ್ತದಲ್ಲಿ ರೋಗಿಗಳ ಗುಲ್ಮದ ರಕ್ತವನ್ನು ಹೆಪ್ಪುಗಟ್ಟದಂತೆ ಸೋಡಿಯಂ ಸಿಟ್ರೇಟ್ ಬೆರೆಸಿ ಕೊಳವೆಗಳಲ್ಲಿಟ್ಟರು. ಮನುಷ್ಯನ ಮೈಶಾಖವಾದ 37 ಡಿಗ್ರಿಯಲ್ಲಿ ರೋಗಾಣುಗಳು ಬೆಳೆಯದೆ ಸತ್ತವು. ಶಾಖವನ್ನು ಇಳಿಸಿದರು. 22 ಡಿಗ್ರಿಯ ಆಸುಪಾಸಿಗೆ ಬಂದಾಗ ದುಂಡನೆಯ ಕಾಯಗಳು ಉಬ್ಬಿದವು, ಉದ್ದವಾದವು, ದಿನಗಳಲ್ಲೇ ಒಂದೊಂದಕ್ಕೂ ಕಶಾಂಗ ಚಿಗುರಿತು. ಮನುಷ್ಯನ ಬಿಸಿ ರಕ್ತದಲ್ಲಿ ಬಾಲ ಮುದುರಿ ಕೂತಿದ್ದ ಜೀವಿ ತಂಪು ಸಿಕ್ಕೊಡನೆ ಬಾಲ ಬಿಚ್ಚಿತ್ತು.

ಒಂದು ಕೊಳವೆಯಲ್ಲಿ ಎರಡು ಪ್ರಶ್ನೆ ತೀರಿದವು. ಇದು ಟ್ರಿಪನೊಸೋಮಾದ ದಾಯಾದಿ ಎಂಬುದು ಖಚಿತವಾಯಿತು. ಈ ಜೀವಿಯ ಬಾಳಿನ ಇನ್ನೊಂದು ಭಾಗ ಮನುಷ್ಯನಿಗಿಂತ ತಣ್ಣಗಿರುವ ಮೈಯೊಳಗೆ, ಎಂದರೆ ಬಹುಶಃ ಒಂದು ಕೀಟದೊಳಗೆ, ಕಳೆಯುತ್ತದೆ ಎಂಬುದೂ ಹೊಳೆಯಿತು. ಈಜುವುದಕ್ಕೇನೂ ಇಲ್ಲದ ಕಡೆ ಯಾವ ಜೀವಿಯೂ ಈಜುವ ಅಂಗ ಬೆಳೆಸಿಕೊಳ್ಳುವುದಿಲ್ಲವಷ್ಟೆ.

ಯಾವ ಕೀಟ? ಮೊದಲ ಅನುಮಾನ ತಿಗಣೆಯ ಮೇಲೆ. ಮನೆಗೆ ಅಂಟಿಕೊಂಡ ಕೀಟ, ಡಾಡ್ಸ್ ಪ್ರೈಸ್ ಅವರ ಲೈನುಗಳ ಲೆಕ್ಕಕ್ಕೂ ಹೊಂದುತ್ತಿತ್ತು. ಮದ್ರಾಸಿನಲ್ಲಿ ಪ್ಯಾಟನ್ ಎಂಬ ವೈದ್ಯ ರೋಗಿಗಳ ರಕ್ತ ಕುಡಿಸಿದ ತಿಗಣೆಗಳ ಹೊಟ್ಟೆಯಲ್ಲಿ ಬಾಲದ ರೂಪವನ್ನು 1907ರಲ್ಲಿ ಕಂಡೂ ಕಂಡರು. ಆದರೆ ತಿಗಣೆಯಿಂದ ರೋಗ ದಾಟಿದ್ದನ್ನು ಯಾರೂ ತೋರಿಸಲಾಗಲಿಲ್ಲ. ತಿಗಣೆಯ ಹೊಟ್ಟೆಯೂ ತಣ್ಣಗಿನ ಕೊಳವೆಯಂತೆಯೇ. ಬಾಲ ಅಲ್ಲೂ ಬಿಚ್ಚುತ್ತಿತ್ತು, ಬಾಯಿಯವರೆಗೆ ಬರುತ್ತಿರಲಿಲ್ಲ.

ಸರಿಯಾದ ಕೀಟವನ್ನು ತೋರಿಸಿದ್ದು ಒಂದು ನಕಾಶೆ. ಮೊದಲ ಮಹಾಯುದ್ಧದಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದು, ಆಮೇಲೆ ಕೀಟಗಳ ಅಧ್ಯಯನಕ್ಕೆ ನಿಂತಿದ್ದ ಜಾನ್ ಸಿಂಟನ್ ಭಾರತದ ಮರಳುನೊಣಗಳನ್ನು ವರ್ಗೀಕರಿಸುತ್ತಿದ್ದರು. ಫ್ಲೆಬೊಟೊಮಸ್ ಅರ್ಜೆಂಟಿಪೆಸ್ ಎಂಬ ಜಾತಿಯ ಹರವು ಕಾಲಾ ಅಜಾರ್ ಹರಡಿರುವ ಪ್ರದೇಶಕ್ಕೆ ಹೊಂದಿಕೊಳ್ಳುತ್ತದೆ ಎಂದು ಅವರು 1920ರ ದಶಕದ ಮಧ್ಯದಲ್ಲಿ ಗಮನಕ್ಕೆ ತಂದರು. ಎರಡು-ಮೂರು ಮಿಲಿಮೀಟರಿನ ಕೀಟವಿದು. ಮಾಮೂಲಿ ಸೊಳ್ಳೆಪರದೆಯ ಕಣ್ಣಿನಲ್ಲಿ ನುಸುಳುತ್ತದೆ. ಹಗಲೆಲ್ಲ ಮಣ್ಣಿನ ಗೋಡೆಯ ಬಿರುಕು, ಕೊಟ್ಟಿಗೆಯ ಕತ್ತಲೆ ಮೂಲೆಗಳಲ್ಲಿ ಅಡಗಿದ್ದು, ಕತ್ತಲಾದ ಮೇಲೆ ದನ, ಮನುಷ್ಯ ಎರಡರ ರಕ್ತವನ್ನೂ ಹೀರುತ್ತದೆ. ಹಾರುವುದಕ್ಕಿಂತ ಕುಪ್ಪಳಿಸುವುದೇ ಹೆಚ್ಚು. ಕೆಲವು ನೂರು ಗಜ ಅದಕ್ಕೆ ದೊಡ್ಡ ಪ್ರಯಾಣ. ಚಹಾ ತೋಟದ ವೈದ್ಯರ ಉಪಾಯ ಫಲಿಸಿದ್ದೇಕೆ ಎಂಬುದಕ್ಕೆ ಕೊನೆಗೂ ಉತ್ತರ ಸಿಕ್ಕಿತ್ತು.

1924ರಲ್ಲಿ ಕಲ್ಕತ್ತದ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್‌ನ ನೋಲ್ಸ್, ನೇಪಿಯರ್ ಮತ್ತು ಸ್ಮಿತ್ ಈ ನೊಣದ ಕರುಳಿನಲ್ಲಿ ಕಶಾಂಗವುಳ್ಳ ಲೀಷ್ಮೇನಿಯಾ ಗುಂಪುಗುಂಪಾಗಿ ಬೆಳೆಯುವುದನ್ನು ಕಂಡರು. ಅಸ್ಸಾಮಿನಲ್ಲಿ ಕಾಲಾ ಅಜಾರ್ ಆಯೋಗ ಕೆಲಸಕ್ಕಿಳಿಯಿತು. ಕ್ರಿಸ್ಟೊಫರ್ಸ್, ಶಾರ್ಟ್, ಬ್ಯಾರೊ ಅವರ ತಂಡ ರೋಗಾಣು ನೊಣದ ಗಂಟಲು ದಾಟಿ ಬಾಯಿಯವರೆಗೆ ಬರುವುದನ್ನೂ ತೋರಿಸಿತು. ಇನ್ನುಳಿದದ್ದು ಒಂದೇ ಮೆಟ್ಟಿಲು: ನೊಣದ ಕಡಿತದಿಂದ ರೋಗ ಬಂದೇ ಬರುತ್ತದೆ ಎಂದು ಸಾಬೀತುಪಡಿಸುವುದು. ಅಲ್ಲಿ ಎಲ್ಲ ನಿಂತುಹೋಯಿತು. ವರ್ಷಗಟ್ಟಲೆ ನೊಣಗಳಿಂದ ಕಚ್ಚಿಸಿದರೂ ಫಲ ಅಪರೂಪ.

ತಡೆ ಇದ್ದದ್ದು ನೊಣಕ್ಕೆ ಕೊಡುತ್ತಿದ್ದ ಊಟದಲ್ಲಿ. ಪ್ರಯೋಗಾಲಯದಲ್ಲಿ ನೊಣಗಳಿಗೆ ಮತ್ತೆ ಮತ್ತೆ ರಕ್ತವನ್ನೇ ಉಣಿಸುತ್ತಿದ್ದರು. ಹೊರಗೆ ಅವು ಗಿಡಗಳ ಸಿಹಿರಸವನ್ನೂ ಹೀರುತ್ತವೆ. ಆರ್. ಓ. ಎ. ಸ್ಮಿತ್ ಮತ್ತು ಸಂಗಡಿಗರು, ರೋಗಿಯ ರಕ್ತ ಕುಡಿದ ನೊಣಗಳಿಗೆ ಆಮೇಲೆ ಒಣದ್ರಾಕ್ಷಿ ಕೊಟ್ಟು ನೋಡಿದರು. ಬಾಲದ ಜೀವಿಗಳು ಎಷ್ಟು ವೃದ್ಧಿಯಾದವೆಂದರೆ ನೊಣದ ಗಂಟಲೇ ಕಟ್ಟಿಹೋಯಿತು. ಗಂಟಲು ಕಟ್ಟಿದ ನೊಣ ರಕ್ತ ಹೀರಲು ಒದ್ದಾಡುತ್ತಾ ಗಂಟಲಿನಲ್ಲಿದ್ದುದನ್ನು ಗಾಯದೊಳಕ್ಕೆ ಕಾರುತ್ತದೆ. ಇದೇ ಉಪಾಯವನ್ನು ಹಿಡಿದು ಸ್ವಾಮಿನಾಥ್, ಶಾರ್ಟ್ ಮತ್ತು ಆಂಡರ್ಸನ್, ಮನುಷ್ಯ ಸ್ವಯಂಸೇವಕರಿಗೆ ನೊಣದ ಕಡಿತದಿಂದಲೇ ಕಾಲಾ ಅಜಾರ್ ತಗುಲುವುದನ್ನು 1942ರಲ್ಲಿ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್‌ನಲ್ಲಿ ಪ್ರಕಟಿಸಿದರು. ರೋಜರ್ಸ್ ಕೊಳವೆಯಲ್ಲಿ ಬಾಲ ಕಂಡು 38 ವರ್ಷ ಕಳೆದಿತ್ತು.

ಔಷಧ ಅದಕ್ಕಿಂತ ಮೊದಲೇ ಬಂದಿತ್ತು. ಕಲ್ಕತ್ತದ ಕ್ಯಾಂಪ್‌ಬೆಲ್ ಆಸ್ಪತ್ರೆಯ ಒಂದು ಪುಟ್ಟ ಕೋಣೆಯಲ್ಲಿ ಉಪೇಂದ್ರನಾಥ ಬ್ರಹ್ಮಚಾರಿ 1920ರಲ್ಲಿ ಆಂಟಿಮನಿಯಿಂದ ಯೂರಿಯಾ ಸ್ಟಿಬಮೈನ್ ತಯಾರಿಸಿದರು. ಆ ಕೋಣೆಗೆ ವಿದ್ಯುತ್ತಾಗಲಿ ನಲ್ಲಿ ನೀರಾಗಲಿ ಇರಲಿಲ್ಲ. ಸಾವು ಖಚಿತವೆನಿಸಿದ್ದ ರೋಗಿಗಳು ಕೆಲವೇ ವಾರಗಳಲ್ಲಿ ಎದ್ದು ಕೂರತೊಡಗಿದರು. ಗುಣವಾದ ಕೆಲವರ ಚರ್ಮದ ಮೇಲೆ ತಿಂಗಳು-ವರ್ಷಗಳ ಬಳಿಕ ತಿಳಿಬಣ್ಣದ ಮಚ್ಚೆಗಳೂ ಗಂಟುಗಳೂ ಏಳುವುದನ್ನು, ಅವುಗಳಲ್ಲಿ ರೋಗಾಣು ಇರುವುದನ್ನು 1922ರಲ್ಲಿ ಮೊದಲು ವರ್ಣಿಸಿದವರೂ ಬ್ರಹ್ಮಚಾರಿಯವರೇ.

ನೊಣದೊಳಗೆ ಆ ಬಾಲ ಮಾಡುವುದೇನು ಎಂಬುದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೂ ವಂಶವಾಹಿ ತಂತ್ರಗಳೂ ಬಂದ ಮೇಲೆ ಬಿಡಿಬಿಡಿಯಾಗಿ ತಿಳಿಯಿತು. ಬಾಲ ಎನ್ನುತ್ತೇವಾದರೂ ಲೀಷ್ಮೇನಿಯಾದ ಕಶಾಂಗ ಇರುವುದು ಮುಂದಿನ ತುದಿಯಲ್ಲಿ. ತುದಿಯಿಂದ ಬುಡದ ಕಡೆಗೆ ಅಲೆಯೆಬ್ಬಿಸುತ್ತಾ ಅದು ಬಂಡಿಗೆ ಕಟ್ಟಿದ ಎತ್ತಿನ ಹಾಗೆ ಮೈಯನ್ನು ಎಳೆದುಕೊಂಡು ಹೋಗುತ್ತದೆ. ಒಳಗೆ ಸುತ್ತಲೂ ಒಂಬತ್ತು ಜೋಡಿ, ನಡುವೆ ಎರಡು ಸೂಕ್ಷ್ಮನಾಳಗಳು. ಪಕ್ಕಪಕ್ಕದ ಜೋಡಿಗಳನ್ನು ಡೈನೀನ್ ಎಂಬ ಪ್ರೋಟೀನುಗಳು ಜಾರಿಸುವುದರಿಂದ ಕಶಾಂಗ ಬಾಗುತ್ತದೆ. ರಕ್ತದ ಊಟ ಜೀರ್ಣವಾಗಿ ಉಳಿದದ್ದು ಹೊರಬೀಳುವಾಗ ಅದರೊಂದಿಗೆ ಕೊಚ್ಚಿಹೋಗದಂತೆ ಪರಾವಲಂಬಿ ಕರುಳಿನ ಗೋಡೆಗೆ ಕಚ್ಚಿಕೊಳ್ಳಬೇಕು. ಆಮೇಲೆ ಮುಂದಕ್ಕೆ ಈಜಿ ಗಂಟಲ ಕವಾಟ ಮುಟ್ಟಬೇಕು. ಅಲ್ಲಿ ಕೆಲವು ಜೀವಿಗಳು ಕಶಾಂಗದ ತುದಿಯನ್ನು ಅಗಲಿಸಿ ಕವಾಟಕ್ಕೆ ಅಂಟಿಸಿಕೊಂಡು ನೆಲೆಯೂರುತ್ತವೆ. ಮನುಷ್ಯನ ಮೈ ಸೇರಲು ಸಿದ್ಧವಾದವು ಬೇರೆ ಬಗೆಯವು: ಸಣ್ಣ ಮೈ, ಅದಕ್ಕಿಂತ ಬಹಳ ಉದ್ದದ ಕಶಾಂಗ, ಬಿರುಸಿನ ಈಜು.

ಈಜು ಬಾರದಿದ್ದರೆ ಏನಾಗುತ್ತದೆ? 2019ರಲ್ಲಿ ಆಕ್ಸ್‌ಫರ್ಡಿನ ತಂಡವೊಂದು ಕಶಾಂಗದ ನಡುವಣ ನಾಳಗಳಿಗೆ ಬೇಕಾದ ಒಂದು ವಂಶವಾಹಿಯನ್ನು ಲೀಷ್ಮೇನಿಯಾದಿಂದ ತೆಗೆದುಹಾಕಿತು. ಬಾಲವಿದ್ದೂ ಬಡಿಯಲಾರದ ಆ ಜೀವಿಗಳು ಕೊಳವೆಯಲ್ಲಿ ಚೆನ್ನಾಗಿಯೇ ಬೆಳೆದವು, ಮರಳುನೊಣದೊಳಗೆ ಮಾತ್ರ ನೆಲೆ ನಿಲ್ಲಲಿಲ್ಲ. ಸರ್ರಾ ರೋಗಾಣುವಿನ ದಾಯಾದಿಯಾದ ಆಫ್ರಿಕಾದ ಟ್ರಿಪನೊಸೋಮಾದ್ದು ಇನ್ನೊಂದು ಪರಿ. ಅದು ಮನುಷ್ಯನ ರಕ್ತದಲ್ಲೂ ಬಾಲ ಬಿಚ್ಚಿಕೊಂಡೇ ಇರುತ್ತದೆ. ಸದಾ ಮುಂದಕ್ಕೆ ಈಜುವುದರಿಂದ, ಮೈಗೆ ಅಂಟಿದ ಪ್ರತಿಕಾಯಗಳು ಹರಿವಿಗೆ ಸಿಕ್ಕಿ ಹಿಂಬದಿಗೆ ಸರಿದು, ಕಶಾಂಗದ ಬುಡದ ಚೀಲದೊಳಗೆ ನುಂಗಿಹೋಗುತ್ತವೆ ಎಂದು 2007ರಲ್ಲಿ ಜರ್ಮನಿಯ ಸಂಶೋಧಕರು ತೋರಿಸಿದರು. ಲೀಷ್ಮೇನಿಯಾಕ್ಕೆ ಆ ಪಾಡಿಲ್ಲ. ನಮ್ಮ ಮೈಯ ಕಾವಲಿಗಿರುವ ಮ್ಯಾಕ್ರೊಫೇಜ್ ಕೋಶಗಳ ಒಳಗೇ ಅದು ಅಡಗುತ್ತದೆ. ಅಲ್ಲಿ ಈಜುವ ಅಗತ್ಯವಿಲ್ಲ, ಹಾಗಾಗಿ ಕಶಾಂಗ ಗಿಡ್ಡವಾಗಿ, ನಡುವಿನ ಎರಡು ನಾಳಗಳನ್ನೂ ಕಳೆದುಕೊಂಡು, ಮೈಯಿಂದ ಹೊರಗೆ ಕಾಣದಷ್ಟು ಕುಗ್ಗುತ್ತದೆ. ಲೀಷ್ಮನ್ ಮತ್ತು ಡೊನೊವನ್ ನೋಡಿದ್ದು ಈ ರೂಪವನ್ನು. ಕುಗ್ಗಿದರೂ ಅದು ಪೂರ್ತಿ ಅಳಿಯುವುದಿಲ್ಲ. ಆ ಮೋಟು ಕಶಾಂಗ ಸುತ್ತಲಿನ ಪರಿಸರವನ್ನು ಗ್ರಹಿಸುವ ಅಂಗವಾಗಿರಬಹುದು ಎಂಬುದು ಇಂದಿನ ಸಂಶೋಧಕರ ಊಹೆ.

1950ರ ದಶಕದಲ್ಲಿ ಮಲೇರಿಯಾ ಸೊಳ್ಳೆಗಳಿಗೆಂದು ಮನೆಮನೆಗೆ ಸಿಂಪಡಿಸಿದ ಡಿಡಿಟಿ ಗೋಡೆಬಿರುಕಿನ ಮರಳುನೊಣವನ್ನೂ ಕೊಂದಿತು. ಕಾಲಾ ಅಜಾರ್ ಬಹುತೇಕ ಮರೆಯಾಯಿತು. ಸಿಂಪಡಣೆ ನಿಂತ ಮೇಲೆ 1970ರ ದಶಕದಲ್ಲಿ ಉತ್ತರ ಬಿಹಾರದಲ್ಲಿ ಮತ್ತೆ ಭುಗಿಲೆದ್ದಿತು. ಕಾಲ ಕಳೆದಂತೆ ಅಲ್ಲಿ ಆಂಟಿಮನಿ ಔಷಧಗಳಿಗೂ ರೋಗಾಣು ಬಗ್ಗದಾಯಿತು. ಇಂದು ಒಂದೇ ಬಾರಿ ರಕ್ತನಾಳಕ್ಕೆ ಕೊಡುವ ಲೈಪೊಸೋಮಲ್ ಆಂಫೊಟೆರಿಸಿನ್ ಮುಖ್ಯ ಚಿಕಿತ್ಸೆ. ಬಿಹಾರ, ಜಾರ್ಖಂಡ್, ಪಶ್ಚಿಮ ಬಂಗಾಳ ಮತ್ತು ಉತ್ತರ ಪ್ರದೇಶಗಳ ರೋಗಪೀಡಿತ ಬ್ಲಾಕುಗಳಲ್ಲಿ ವರ್ಷಕ್ಕೆ ಹತ್ತು ಸಾವಿರ ಜನರಿಗೆ ಒಂದಕ್ಕಿಂತ ಕಡಿಮೆ ಪ್ರಕರಣ ಎಂಬ ಗುರಿಯನ್ನು ಭಾರತ 2023ರಲ್ಲಿ ಮುಟ್ಟಿತು. ಅದೇ ವರ್ಷ ಬಾಂಗ್ಲಾದೇಶಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ದೊರೆಯಿತು.

ಗುರಿ ಮುಟ್ಟಿದ ಮೇಲಿನ ಕೆಲಸವೇ ಕಷ್ಟದ್ದು. ಬ್ರಹ್ಮಚಾರಿ ಕಂಡ ಚರ್ಮದ ಮಚ್ಚೆಗಳು ನೋಯುವುದಿಲ್ಲ, ಜ್ವರ ತರುವುದಿಲ್ಲ, ಹಾಗಾಗಿ ರೋಗಿ ಆಸ್ಪತ್ರೆಗೆ ಹೋಗುವುದಿಲ್ಲ. ಆದರೆ ಆ ಚರ್ಮವನ್ನು ಕಚ್ಚಿದ ಮರಳುನೊಣದೊಳಗೆ ಲೀಷ್ಮೇನಿಯಾ ಮತ್ತೆ ಕಶಾಂಗ ಬೆಳೆಸಬಲ್ಲದು, ಮತ್ತೊಂದು ಸರಣಿ ಅಲ್ಲಿಂದಲೇ ಶುರುವಾಗಬಲ್ಲದು. ಹಿಂದೆ ಕಾಲಾ ಅಜಾರ್ ಬಂದು ಹೋಗಿರುವವರ ಮೈಮೇಲೆ ತಿಳಿಬಣ್ಣದ ಮಚ್ಚೆಯೋ ಗಂಟೋ ಎದ್ದರೆ ಅದನ್ನು ತೊನ್ನು, ಕುಷ್ಠವೆಂದು ಊಹಿಸಿ ಮುಚ್ಚಿಡದೆ ತಪಾಸಣೆ ಮಾಡಿಸಬೇಕು. ರೋಗ ಕಡಿಮೆಯಾದ ಈ ಹೊತ್ತಿನಲ್ಲಿ ಅಂಥವರನ್ನು ಹುಡುಕಿ ಗುಣಪಡಿಸುವುದೇ ಕಾಲಾ ಅಜಾರ್ ಮರಳದಂತೆ ತಡೆಯುವ ಮುಖ್ಯ ದಾರಿ.